ಬಾಯಿ ಬಿಟ್ಟರೆ ಬಣ್ಣಗೇಡು

‘ಬಾಯಿ ಬಿಟ್ಟರೆ ಬಣ್ಣಗೇಡು’ ಎಂಬ ಗಾದೆಯನ್ನು ನನ್ನ ಮೂವತ್ತನಾಲ್ಕು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ಎಷ್ಟು ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹಳಗನ್ನಡ ಪದ್ಯವೊಂದಕ್ಕೆ ಅರ್ಥ ಹೇಳಲು ಎದ್ದು ನಿಂತು ತಡವರಿಸುತ್ತಿದ್ದ ಹಿಂದಿನ ಬೆಂಚಿನ ಹುಡುಗನಿಗೆ ಈ ಮಾತು ಬಾಣದಂತೆ ನಾಟುತ್ತಿತ್ತು. ಮುಂದಿನ ಬೆಂಚಿನವರು ನಗುತ್ತಿದ್ದರು. ಗಾದೆಗಳಿಗೆ ಹಗೆ ಸಾಧಿಸುವ ಸ್ವಭಾವವಿದೆಯೆಂದು ಆಗ ನನಗೆ ತಿಳಿದಿರಲಿಲ್ಲ. ನಿವೃತ್ತನಾದ ಮೇಲೆ ಆ ಗಾದೆ ನನ್ನನ್ನೇ ಹುಡುಕಿಕೊಂಡು ಬಂದಿತು. ಅದೂ ನಾನು ಎಚ್ಚರದಲ್ಲಿರುವಾಗಲ್ಲ, ನಿದ್ದೆಯಲ್ಲಿರುವಾಗ. ಆ ಕಥೆಯನ್ನೇ ಶ್ರೋತೃಗಳ ಮುಂದೆ ಈ ಹೊತ್ತು ನಿವೇದಿಸಬೇಕೆಂದಿದ್ದೇನೆ.

ಮೊದಲೇ ಒಂದು ಮಾತು. ನಾನು ವೈದ್ಯನಲ್ಲ, ರೋಗಿ. ವೈದ್ಯನಿಗೆ ಸಾವಿರ ಜನರ ರೋಗ ಗೊತ್ತು. ರೋಗಿಗೆ ಗೊತ್ತಿರುವುದು ತನ್ನದೊಂದೇ. ಆದರೆ ಆ ಒಂದನ್ನು ಅವನು ಒಳಮನೆಯಿಂದ ಕಂಡಿರುತ್ತಾನೆ. ನನ್ನ ಮಾತಿಗೆ ಅಷ್ಟೇ ಅಧಿಕಾರ.

ನನ್ನ ಗೊರಕೆ ನಮ್ಮ ಬಂಧುವರ್ಗದಲ್ಲಿ ಪ್ರಸಿದ್ಧವಾದುದು. ಮದುವೆಯ ಛತ್ರಗಳಲ್ಲಿ ಗಂಡಸರೆಲ್ಲ ಒಂದೇ ಹಜಾರದಲ್ಲಿ ಜಮಖಾನೆ ಹಾಸಿಕೊಂಡು ಮಲಗುವ ಪದ್ಧತಿಯಿದ್ದ ಕಾಲದಲ್ಲಿ, ನನ್ನ ಮಗ್ಗುಲಿಗೆ ಯಾರು ಮಲಗಬೇಕೆಂಬುದನ್ನು ಕುರಿತು ಸಣ್ಣದೊಂದು ಪಂಚಾಯಿತಿಯೇ ನಡೆಯುತ್ತಿತ್ತು. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಹಿರಿಯರು ಹರಸುತ್ತಿದ್ದರು. ಗೊರಕೆಯನ್ನು ತೃಪ್ತಿಯ ಲಕ್ಷಣವೆಂದು ತಿಳಿಯುವ ಒಂದು ನಂಬಿಕೆ ನಮ್ಮಲ್ಲಿದೆ. ಉಂಡು, ಎಲೆಯಡಿಕೆ ಹಾಕಿಕೊಂಡು, ಗೊರೆಯುತ್ತ ಮಲಗಿದವನು ಸುಖಿ. ನಾನೂ ನನ್ನನ್ನು ಸುಖಿಯೆಂದೇ ಬಗೆದಿದ್ದೆ.

ನನ್ನ ಹೆಂಡತಿ ಮಾತ್ರ ಹಾಗೆ ಬಗೆದಿರಲಿಲ್ಲ. “ರೀ, ನೀವು ಗೊರಕೆ ಹೊಡೆಯುವಾಗ ನನಗೆ ಭಯವಿಲ್ಲ. ಗೊರಕೆ ನಿಂತುಬಿಡುತ್ತದಲ್ಲ, ಆಗ ಭಯ,” ಎಂದು ಅವಳು ಹೇಳಿದ್ದು ಒಂದೆರಡು ಸಲವಲ್ಲ. ಅದನ್ನು ನಾನು ಅವಳ ಸ್ವಭಾವದ ಅಂಜುಬುರುಕತನವೆಂದು ತಳ್ಳಿಹಾಕುತ್ತಿದ್ದೆ. ಅವಳು ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು, ನಿಂತ ಗೊರಕೆ ಮತ್ತೆ ಹೊರಡುವವರೆಗೆ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳೆಂಬುದು, ಮೂವತ್ತು ತುಂಬಿದರೆ ನನ್ನ ಭುಜ ಹಿಡಿದು ಅಲುಗಿಸುತ್ತಿದ್ದಳೆಂಬುದು ನನಗೆ ಬಹು ವರ್ಷಗಳ ಮೇಲೆ ತಿಳಿಯಿತು.

ಹಗಲಿನಲ್ಲಿಯೂ ಲಕ್ಷಣಗಳು ಇದ್ದವು. ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯ ಗೆರೆಯೊಂದು ಅಂಚಿನವರೆಗೂ ಹರಿದುಹೋಗಿರುವುದನ್ನು ಕಂಡು, ನಡುವೆ ನಿದ್ದೆ ಬಂದಿತ್ತೆಂದು ಊಹಿಸಿಕೊಳ್ಳುತ್ತಿದ್ದೆ. ಸಭೆಗಳಲ್ಲಿ ನಿದ್ದೆ ಮಾಡುವುದು ವಿದ್ವಾಂಸರ ಹಕ್ಕೆಂದು ಗೆಳೆಯರು ಹಾಸ್ಯಮಾಡುತ್ತಿದ್ದರು. ಆದರೆ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಒಂದು ಮಧ್ಯಾಹ್ನ, ಕೆಂಪು ದೀಪಕ್ಕೆ ನಿಂತಿದ್ದ ಸ್ಕೂಟರಿನ ಮೇಲೆಯೇ ನಾನು ತೂಕಡಿಸಿ ಮಗ್ಗುಲಿನ ಆಟೋರಿಕ್ಷಾಕ್ಕೆ ಒರಗಿದ್ದು ಹಾಸ್ಯದ ವಿಷಯವಾಗಲಿಲ್ಲ. ಬೆಂಗಳೂರಿನಲ್ಲಿರುವ ಮಗಳಿಗೆ ತಾಯಿಯ ಮೂಲಕ ಸುದ್ದಿ ಮುಟ್ಟಿತು. ಮುಂದಿನ ತಿಂಗಳೇ ನನ್ನನ್ನು ಅಲ್ಲಿಯ ಆಸ್ಪತ್ರೆಯೊಂದರ ನಿದ್ರಾ ಪರೀಕ್ಷೆಗೆ ಒಳಪಡಿಸಿದರು.

ತಲೆ, ಎದೆ, ಕಾಲು, ಬೆರಳುಗಳಿಗೆಲ್ಲ ತಂತಿಗಳನ್ನು ಅಂಟಿಸಿ, ಮೂಗಿನ ಬಳಿ ನಳಿಕೆಯನ್ನಿಟ್ಟು, ‘ಇನ್ನು ಆರಾಮವಾಗಿ ಮಲಗಿ ಸರ್’ ಎಂದರು. ಶರಶಯ್ಯೆಯ ಭೀಷ್ಮನಿಗೂ ಆ ಮಾತನ್ನು ಯಾರೂ ಹೇಳಿರಲಾರರು. ಆದರೂ ನಿದ್ದೆ ಬಂದಿತು. ಬೆಳಗ್ಗೆ ಸಿಕ್ಕಿದ ವರದಿಯ ಪ್ರಕಾರ ನನ್ನ ಉಸಿರು ಗಂಟೆಗೆ 42 ಸಲ ನಿಂತೋ ಕುಂದಿಯೋ ಹೋಗಿತ್ತು. ಅತಿ ದೀರ್ಘವಾಗಿ ನಿಂತದ್ದು 58 ಸೆಕೆಂಡು. ರಕ್ತದ ಆಮ್ಲಜನಕದ ಪ್ರಮಾಣ ಶೇಕಡಾ 95ರ ಆಸುಪಾಸಿನಲ್ಲಿ ಇರಬೇಕಾದುದು 74ಕ್ಕೆ ಇಳಿದಿತ್ತು. ಗಂಟೆಗೆ 5ರೊಳಗಿದ್ದರೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಿಂದಾಚೆಗೆ ತೀವ್ರ ಎಂದು ವೈದ್ಯರ ಗಣನೆ. ಪರೀಕ್ಷೆಗಳಲ್ಲಿ ಎಂದೂ ಪ್ರಥಮ ದರ್ಜೆ ಬಿಡದ ನಾನು ಇಲ್ಲಿಯೂ ಬಿಡಲಿಲ್ಲ. ಹೆಂಡತಿಯ ಎಣಿಕೆಗೂ ಆಸ್ಪತ್ರೆಯ ಎಣಿಕೆಗೂ ಹೆಚ್ಚಿನ ಅಂತರವಿರಲಿಲ್ಲವೆಂಬುದನ್ನು ಇಲ್ಲಿ ಸೇರಿಸಲೇಬೇಕು.

ರೋಗದ ಹೆಸರು ಸ್ಲೀಪ್ ಆಪ್ನಿಯಾ. ಆಪ್ನಿಯಾ ಎಂಬುದು ಗ್ರೀಕ್ ಮೂಲದ ಮಾತು. ನಮ್ಮ ‘ಅಧರ್ಮ’, ‘ಅಶಾಂತಿ’ಗಳ ಮೊದಲಲ್ಲಿರುವ ನಿಷೇಧಾರ್ಥದ ಅಕಾರವೇ ಅದರ ಮೊದಲಲ್ಲಿಯೂ ಇದೆ; ಉಸಿರಿಲ್ಲದಿರುವಿಕೆ ಎಂದು ಅರ್ಥ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡವೂ ಮೆದುವಾದ ಅಂಗುಳವೂ ಹಿಂದಕ್ಕೆ ಜಾರಿ, ಗಾಳಿ ಹೋಗುವ ದಾರಿಯನ್ನು ಮುಚ್ಚುತ್ತವೆ. ಎದೆ ಎಳೆಯುತ್ತದೆ, ಗಾಳಿ ಬರುವುದಿಲ್ಲ. ಆಮ್ಲಜನಕ ಕುಂದಿದ ಮೆದುಳು ಗಾಬರಿಗೊಂಡು ಅರೆ ಎಚ್ಚರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ದೊಡ್ಡದೊಂದು ಗೊರಕೆಯೊಡನೆ ದಾರಿ ತೆರೆಯುತ್ತದೆ. ಮತ್ತೆ ನಿದ್ದೆ, ಮತ್ತೆ ಮುಚ್ಚುವಿಕೆ. ರಾತ್ರಿಯಿಡೀ ಈ ಜಗ್ಗಾಟ. ಮಲಗಿದ್ದವನಿಗೆ ಇದರ ನೆನಪೇ ಇರುವುದಿಲ್ಲ. ಆದರೆ ರಕ್ತದೊತ್ತಡ ಏರುತ್ತದೆ, ಹೃದಯ ದಣಿಯುತ್ತದೆ, ಹಗಲು ಮಂಕು ಕವಿಯುತ್ತದೆ.

ಸಾಹಿತ್ಯದ ಮೇಷ್ಟರಿಗೆ ಇಲ್ಲಿ ಕುಂಭಕರ್ಣನ ನೆನಪಾಗುವುದು ಅನಿವಾರ್ಯ. ಅವನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ಹಿಂದಕ್ಕೆ ತಳ್ಳಲ್ಪಟ್ಟರೆಂದು ವಾಲ್ಮೀಕಿ ವರ್ಣಿಸುತ್ತಾನೆ. ಇಂದ್ರಾಸನವನ್ನು ಬೇಡಹೋದವನು ಸರಸ್ವತಿಯ ಮಾಯೆಯಿಂದ ನಾಲಿಗೆ ಹೊರಳಿ ನಿದ್ರಾಸನವನ್ನು ಬೇಡಿದನೆಂಬುದು ಜನ ಹೇಳುವ ಕಥೆ. ನಾಲಿಗೆಯ ದೋಷದಿಂದ ನಿದ್ದೆಯ ಶಾಪ ಎಂಬ ಈ ಕಲ್ಪನೆ ವೈದ್ಯರ ವಿವರಣೆಗೆ ಎಷ್ಟು ಹತ್ತಿರವಿದೆ, ನೋಡಿ. ಪಶ್ಚಿಮದಲ್ಲಿ ಡಿಕನ್ಸ್ 1836-37ರಲ್ಲಿ ಕಂತು ಕಂತಾಗಿ ಬರೆದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನಿದ್ದಾನೆ; ಕೆಲಸ ಮಾಡುತ್ತ ಮಾಡುತ್ತಲೇ ಗೊರಕೆ ಹೊಡೆಯುವವನು. 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯ, ಕುಂದಿದ ಉಸಿರಾಟ, ಹಗಲು ನಿದ್ದೆಗಳು ಕೂಡಿದ ರೋಗವೊಂದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ಕಾದಂಬರಿಕಾರನ ಕಣ್ಣಿಗೆ ಬಿದ್ದದ್ದು ಶಾಸ್ತ್ರದ ಕಣ್ಣಿಗೆ ಬೀಳಲು ನೂರಿಪ್ಪತ್ತು ವರ್ಷ ಹಿಡಿಯಿತು.

ಒಂದು ಕಾಲದಲ್ಲಿ ತೀವ್ರವಾದ ಆಪ್ನಿಯಾಕ್ಕೆ ಗಂಟಲಿನ ಮುಂಭಾಗದಲ್ಲಿ ರಂಧ್ರ ಕೊರೆದು ಉಸಿರಾಡಿಸುವುದೇ ಚಿಕಿತ್ಸೆಯಾಗಿತ್ತು. ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಬೇರೊಂದು ಉಪಾಯ ಕಂಡನು. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ಎಡೆಬಿಡದೆ ಊದುತ್ತಿದ್ದರೆ, ಕುಸಿಯುವ ಗಂಟಲು ಒಳಗಿನ ಗಾಳಿಯ ಬಲದಿಂದಲೇ ತೆರೆದು ನಿಲ್ಲುತ್ತದೆ. ಗುಡಾರದ ಬಟ್ಟೆಯನ್ನು ಕೋಲು ಹೇಗೆ ಎತ್ತಿ ಹಿಡಿಯುತ್ತದೆಯೋ ಹಾಗೆ ಗಾಳಿಯೇ ಇಲ್ಲಿ ಕೋಲು. ಐದು ಮಂದಿ ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ ಅವನೂ ಅವನ ಸಹೋದ್ಯೋಗಿಗಳೂ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಮೊದಮೊದಲು ಮುಖವಾಡವನ್ನು ರಾತ್ರಿ ರಾತ್ರಿಯೂ ಮೂಗಿನ ಸುತ್ತ ಅಂಟಿಸಿಕೊಳ್ಳಬೇಕಾಗಿತ್ತಂತೆ. ಈಗ ಅದು ಮೆತ್ತನೆಯ ಸಿಲಿಕೋನಿನದು. ಪಟ್ಟಿಗಳಿಂದ ತಲೆಗೆ ಬಿಗಿದುಕೊಂಡರೆ ಸಾಕು. ಯಂತ್ರಕ್ಕೆ ಸಿಪ್ಯಾಪ್ ಎಂದು ಹೆಸರು. ಅದರ ಒತ್ತಡವನ್ನು ನೀರಿನ ಕಂಬದ ಎತ್ತರದಿಂದ ಅಳೆಯುತ್ತಾರೆ; 4ರಿಂದ 20 ಸೆಂಟಿಮೀಟರ್‌ವರೆಗೆ. 10 ಸೆಂಟಿಮೀಟರ್ ಎಂದರೆ ನಮ್ಮ ಮೇಲೆ ಸದಾ ಇರುವ ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲು. ಅಷ್ಟು ಅಲ್ಪವಾದುದು ಪ್ರಾಣವನ್ನು ಕಾಯುತ್ತದೆ.

ಕಾಯುತ್ತದೆ, ಬಾಯಿ ಮುಚ್ಚಿಕೊಂಡಿದ್ದರೆ!

ಇಲ್ಲಿಗೆ ನನ್ನ ಗಾದೆ ಪ್ರವೇಶಿಸಿತು. ನನಗೆ ಕೊಟ್ಟದ್ದು ಮೂಗಿಗೆ ಮಾತ್ರ ಹಾಕಿಕೊಳ್ಳುವ ಮಾಸ್ಕು. ಮಲಗುವಾಗ ಬಾಯಿ ಮುಚ್ಚಿಯೇ ಇರುತ್ತಿತ್ತು. ನಿದ್ದೆ ಗಾಢವಾದಂತೆ ದವಡೆ ಸಡಿಲಗೊಂಡು ಕೆಳಕ್ಕೆ ಜೋಲುತ್ತಿತ್ತು. ಮೂಗಿನಿಂದ ಹೊಕ್ಕ ಗಾಳಿ ಗಂಟಲನ್ನು ಎತ್ತಿಹಿಡಿಯುವ ಬದಲು, ತೂತಾದ ಕೊಡದ ನೀರಿನಂತೆ ಬಾಯಿಯಿಂದ ಹೊರಕ್ಕೆ ಹರಿದುಹೋಗುತ್ತಿತ್ತು. ತುಟಿಗಳು ಆ ಗಾಳಿಗೆ ಪುರ್ರ್ ಪುರ್ರ್ ಎಂದು ಅದುರುತ್ತಿದ್ದವು. ಹಳೆಯ ಗೊರಕೆಗಿಂತ ಈ ಹೊಸ ವಾದ್ಯ ಕರ್ಕಶವೆಂದು ಮನೆಯವಳ ಅಭಿಪ್ರಾಯ. ಒಳಗಿನ ಒತ್ತಡ ಇಳಿಯುತ್ತಲೂ ಗಂಟಲು ಮತ್ತೆ ಕುಸಿಯುತ್ತಿತ್ತು. ಬೆಳಗ್ಗೆ ಏಳುವಾಗ ನಾಲಿಗೆ ಒಣಗಿದ ತೊಗಲಿನಂತೆ ಅಂಗುಳಕ್ಕೆ ಅಂಟಿರುತ್ತಿತ್ತು.

ಎರಡು ತಿಂಗಳು ಸಹಿಸಿದೆ. ಆಮೇಲೊಂದು ಭಾನುವಾರ ನಮ್ಮ ಬಡಾವಣೆಯ ಗಣಪತಿ ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತದ ಗಮಕ ಕಾರ್ಯಕ್ರಮ, ವ್ಯಾಖ್ಯಾನ ನನ್ನದು. ಗಮಕಕ್ಕೆ ಹೆಸರಾದ ಹೊಸಹಳ್ಳಿ ನಮಗೆ ಹತ್ತಿರದ ಊರು, ಕೇಳುವವರು ಕಿವಿಯುಳ್ಳವರು. ವಾಚಕರು ಪದ್ಯವನ್ನು ಮುಗಿಸಿ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಸ್ವರವೇ ಹೊರಡಲಿಲ್ಲ. ಗಂಟಲಿನಲ್ಲಿ ತರಗೆಲೆ ಸರಿದಾಡಿದಂಥ ಸದ್ದಷ್ಟೇ. ಮೂರು ಲೋಟ ಬಿಸಿನೀರು ಕುಡಿದು ಹೇಗೋ ಅರ್ಧ ಗಂಟೆ ನಡೆಸಿದೆ. ಮೇಷ್ಟರಾದವನಿಗೆ ಸ್ವರವೊಂದೇ ಆಸ್ತಿ. ಅದನ್ನೂ ಈ ಯಂತ್ರ ಕಿತ್ತುಕೊಳ್ಳುತ್ತಿದೆಯೆಂದು ಸಿಟ್ಟು ಬಂದು, ಅಂದು ರಾತ್ರಿಯೇ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಗಳು ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ‘ಹಾಕಿಕೊಳ್ಳುತ್ತಿದ್ದೇನಮ್ಮ’ ಎಂದು ಸುಳ್ಳು ಹೇಳಿದೆ.

ಇಂದಿನ ಯಂತ್ರಗಳು ಚಾಡಿ ಹೇಳುತ್ತವೆಂಬುದು ನನಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತು ಓಡಿತು, ಉಸಿರು ಎಷ್ಟು ಸಲ ನಿಂತಿತು, ಗಾಳಿ ಎಷ್ಟು ಸೋರಿತು ಎಂಬುದನ್ನೆಲ್ಲ ಅದು ಬರೆದಿಟ್ಟುಕೊಂಡು ಮಗಳ ಮೊಬೈಲಿಗೆ ತಲುಪಿಸುತ್ತಿತ್ತು. ಇಪ್ಪತ್ತು ದಿನಗಳ ಶೂನ್ಯವನ್ನು ಕಂಡ ಅವಳು ಫೋನು ಮಾಡಿದಳು. ಬೈಯಲಿಲ್ಲ. “ಅಪ್ಪ, ನಿಮ್ಮ ಸಂಗತಿ ಇರಲಿ. ಅಮ್ಮ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿ ಎಷ್ಟು ವರ್ಷವಾಯಿತು, ಗೊತ್ತೇನಪ್ಪ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಯಂತ್ರ ಬೀರುವಿನಿಂದ ಹೊರಬಂದಿತು.

ಅದಾದ ಕೆಲವು ದಿನಗಳ ಮೇಲೆ ಒಂದು ರಾತ್ರಿ, ಎರಡೂವರೆಯ ಸಮಯವಿರಬಹುದು, ಎಚ್ಚರವಾಯಿತು. ಗದ್ದದ ಕೆಳಗೆ ಏನೋ ಬೆಚ್ಚಗಿತ್ತು. ನನ್ನ ಹೆಂಡತಿ ಗೋಡೆಗೆ ಒರಗಿ ಕುಳಿತು, ಅಂಗೈಯನ್ನು ನನ್ನ ಗದ್ದಕ್ಕೆ ಆನಿಸಿ, ನನ್ನ ಬಾಯಿ ತೆರೆಯದಂತೆ ಹಿಡಿದುಕೊಂಡು ತೂಕಡಿಸುತ್ತಿದ್ದಳು. “ಹೀಗೆ ಹಿಡಿದುಕೊಂಡರೆ ಸದ್ದು ನಿಲ್ಲುತ್ತದೆ, ಉಸಿರೂ ಸಲೀಸಾಗಿ ಹೋಗುತ್ತದೆ. ನೀವು ಮಲಗಿ,” ಎಂದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಅವಳು ಉತ್ತರ ಹೇಳದೆ ಕೈ ಬದಲಾಯಿಸಿದಳು.

ಆ ರಾತ್ರಿ ನನಗೆ ಮತ್ತೆ ನಿದ್ದೆ ಬರಲಿಲ್ಲ. ಪಾಠಾಂತರಗಳ ಗೊಂದಲ ಬಿಡಿಸಲು ಓಲೆಗರಿಗಳ ಮುಂದೆ ತಿಂಗಳುಗಟ್ಟಲೆ ಕುಳಿತವನು ನಾನು. ನನ್ನ ಬಾಯಿಯೊಂದು ಏಕೆ ತೆರೆಯುತ್ತದೆಂಬುದನ್ನು ವಿಚಾರಿಸಿ ನೋಡಲು ನನಗೆ ಪುರುಸೊತ್ತಿರಲಿಲ್ಲವೆ?

ಮರುದಿನವೇ ನಮ್ಮೂರಿನ ಕಿವಿ, ಮೂಗು, ಗಂಟಲಿನ ತಜ್ಞರ ಬಳಿಗೆ ಹೋದೆ. ಅವರು ಪಿಯುಸಿಯಲ್ಲಿ ನನ್ನ ಶಿಷ್ಯರು. ಎಲ್ಲವನ್ನೂ ಕೇಳಿ, “ಮೇಷ್ಟ್ರೆ, ಬಾಯಿ ಸುಮ್ಮನೆ ತೆರೆಯುವುದಿಲ್ಲ. ಮೂಗು ಕೆಲಸ ಮಾಡದಿದ್ದರೆ ತೆರೆಯುತ್ತದೆ. ಮೊದಲು ಮೂಗನ್ನು ನೋಡೋಣ,” ಎಂದರು. ನನ್ನ ಮೂಗಿನ ನಡುಗೋಡೆ ಸ್ವಲ್ಪ ಎಡಕ್ಕೆ ಬಾಗಿತ್ತು. ಒಳಪೊರೆ ಧೂಳಿನ ಅಲರ್ಜಿಯಿಂದ ಊದಿತ್ತು. ಹಳೆಯ ಪುಸ್ತಕಗಳ ನಡುವೆ ಬಾಳಿದವನಿಗೆ ಇದು ಸಹಜವಾಗಿ ಬಂದ ಬಳುವಳಿ. ಇದರ ಮೇಲೆ ಇನ್ನೊಂದು ವಿಷಚಕ್ರವಿತ್ತು. ಬಾಯಿ ತೆರೆದಾಗ ಗಾಳಿ ಮೂಗಿನಿಂದ ಒಳಕ್ಕೆ, ಬಾಯಿಯಿಂದ ಹೊರಕ್ಕೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಸಾಮಾನ್ಯವಾಗಿ ಹೊರಬರುವ ಉಸಿರು ತನ್ನ ತೇವದಲ್ಲಿ ಒಂದು ಪಾಲನ್ನು ಮೂಗಿಗೆ ಹಿಂದಿರುಗಿಸುತ್ತದೆ; ಇಲ್ಲಿ ಆ ಸಾಲ ತೀರುವುದೇ ಇಲ್ಲ. ಮೂಗು ಒಣಗುತ್ತದೆ, ಒಣಗಿ ಊದಿಕೊಳ್ಳುತ್ತದೆ, ಊದಿದ ಮೂಗು ಬಾಯಿಯನ್ನು ಮತ್ತಷ್ಟು ತೆರೆಸುತ್ತದೆ.

ಮೂಗಿಗೆ ಬೆಳಗು ಬೈಗು ಔಷಧದ ತುಂತುರನ್ನು ಬರೆದುಕೊಟ್ಟರು. ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳಿದರು. ಹಠಯೋಗದವರು ಜಲನೇತಿಯೆನ್ನುವುದು ಇದನ್ನೇ. ಆದರೆ ನಲ್ಲಿಯ ನೀರು ಸಲ್ಲದು, ಕುದಿಸಿ ಆರಿಸಿದ ನೀರೇ ಆಗಬೇಕೆಂಬ ಕಟ್ಟಪ್ಪಣೆ ಜೊತೆಗಿತ್ತು. ಔಷಧದ ಅಂಗಡಿಯಲ್ಲಿ ಕೇಳಿದೊಡನೆ ಕೊಡುವ, ಕ್ಷಣದಲ್ಲಿ ಮೂಗು ಬಿಡಿಸುವ ಹನಿಗಳನ್ನು ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತದೆಂದೂ ಎಚ್ಚರಿಸಿದರು. ಅಂಥದೊಂದು ಸೀಸೆ ಆಗಲೇ ನನ್ನ ಜೇಬಿನಲ್ಲಿತ್ತು. ಹೊರಬಂದವನೇ ಅದನ್ನು ಎಸೆದೆ.

ಎರಡನೆಯದು ತೇವ. ಯಂತ್ರದಲ್ಲಿ ನೀರು ಕಾಯಿಸಿ ಗಾಳಿಗೆ ಹಬೆ ಬೆರೆಸುವ ಪುಟ್ಟದೊಂದು ತೊಟ್ಟಿಯಿದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಬೇಕು. ದಿನವೂ ನೀರು ತುಂಬುವ ಸೋಮಾರಿತನಕ್ಕೆ ನಾನು ಅದನ್ನು ಆರಿಸಿಟ್ಟಿದ್ದೆ! ಒಣಗಿಸುವ ಕೆಲಸವನ್ನು ನಾನೇ ಮಾಡಿ, ಒಣಗಿತೆಂದು ಯಂತ್ರವನ್ನು ಬೈದಿದ್ದೆ. ಚೈತ್ರ ವೈಶಾಖಗಳಲ್ಲಿ ಹಬೆಯನ್ನು ಹೆಚ್ಚಿಸಬೇಕು. ಆಷಾಢದ ಚಳಿಗಾಳಿಯಲ್ಲಿ ಅಷ್ಟೇ ಹಬೆಯಿಟ್ಟರೆ ತಣ್ಣನೆಯ ಕೊಳವೆಯೊಳಗೆ ಅದು ನೀರಾಗಿ ಇಳಿದು, ನಡುರಾತ್ರಿ ಮೂಗಿಗೆ ಸಿಡಿಯುತ್ತದೆ. ಅದಕ್ಕೆ ಕೊಳವೆಗೊಂದು ಬಟ್ಟೆಯ ಗವುಸು ಹೊಲಿದದ್ದು ನನ್ನ ಹೆಂಡತಿ. ಅವಳ ಹಳೆಯ ಶಾಲೊಂದು ಹೀಗೆ ಸದ್ಗತಿ ಪಡೆಯಿತು.

ಮೂರನೆಯದು ಒತ್ತಡ. ನನ್ನ ಯಂತ್ರ ಅಗತ್ಯ ಕಂಡಂತೆ ತಾನೇ ಒತ್ತಡ ಏರಿಸಿಕೊಳ್ಳುವ ಬಗೆಯದು. 4ರಿಂದ 20ರವರೆಗೆ ಅದಕ್ಕೆ ಸ್ವೇಚ್ಛೆ ಕೊಟ್ಟಿದ್ದರು. ಗಂಟಲು ಕುಸಿದಾಗ ಅದು ಒತ್ತಡ ಏರಿಸುವುದು, ಒತ್ತಡಕ್ಕೆ ಬಾಯಿ ತೆರೆಯುವುದು, ಬಾಯಿ ತೆರೆದುದರಿಂದ ಗಂಟಲು ಮತ್ತೆ ಕುಸಿಯುವುದು. ಬೆಂಗಳೂರಿನ ವೈದ್ಯರು ದಾಖಲೆಗಳನ್ನು ನೋಡಿ ಅದನ್ನು 8ರಿಂದ 13ರೊಳಗೆ ಕಟ್ಟಿಹಾಕಿದರು. ಇದು ವೈದ್ಯರ ಕೆಲಸ, ನಾವಾಗಿಯೇ ಕೈಹಾಕತಕ್ಕದ್ದಲ್ಲ.

ನಾಲ್ಕನೆಯದು ಗದ್ದಪಟ್ಟಿ. ಗದ್ದದಿಂದ ನೆತ್ತಿಗೆ ಬಿಗಿಯುವ ಬಟ್ಟೆಯ ಪಟ್ಟಿ ಇದು. ದವಡೆಯನ್ನು ಮೇಲಕ್ಕೆ ಎತ್ತಬೇಕೇ ಹೊರತು ಹಿಂದಕ್ಕೆ ಎಳೆಯಬಾರದು. ಹಿಂದಕ್ಕೆ ಎಳೆದರೆ ನಾಲಿಗೆಯೂ ಹಿಂದೆ ಸರಿದು ದಾರಿ ಇನ್ನಷ್ಟು ಕಿರಿದಾಗುತ್ತದೆ. ಇದನ್ನು ಮೊದಲ ಸಲ ಕಟ್ಟಿಕೊಂಡು ಕನ್ನಡಿ ನೋಡಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ನಮ್ಮಲ್ಲಿ ಗದ್ದಕ್ಕೂ ತಲೆಗೂ ಸೇರಿಸಿ ಬಟ್ಟೆ ಕಟ್ಟುವುದು ಯಾವಾಗ ಎಂಬುದನ್ನು ಶ್ರೋತೃಗಳಿಗೆ ಹೇಳಬೇಕಾಗಿಲ್ಲ. ಹೆಂಡತಿ ಮುಖ ತಿರುಗಿಸಿಕೊಂಡಳು. ಆದರೆ ನಾಲ್ಕು ದಿನ ಕಳೆದ ಮೇಲೆ ಅವಳೇ, “ನನ್ನ ಕೈಗಿಂತ ಇದೇ ವಾಸಿ,” ಎಂದಳು. ಗದ್ದಪಟ್ಟಿ ದವಡೆಯನ್ನು ಹಿಡಿಯುತ್ತದೆ, ತುಟಿಗಳನ್ನು ಹಿಡಿಯುವುದಿಲ್ಲ. ಆದುದರಿಂದ ಎಲ್ಲರಿಗೂ ಇದು ಒದಗುವುದಿಲ್ಲ. ಯಂತ್ರವಿಲ್ಲದೆ ಪಟ್ಟಿಯೊಂದನ್ನೇ ಕಟ್ಟಿಕೊಂಡರೆ ರೋಗ ವಾಸಿಯಾಗುತ್ತದೆಂದು ನಂಬುವುದೂ ತಪ್ಪು.

ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕೂ ಉಂಟು. ಮೂಗು ಸದಾ ಕಟ್ಟಿರುವವರಿಗೆ ಅದೇ ಗತಿ. ನಾನೂ ಒಂದು ವಾರ ಹಾಕಿಕೊಂಡು ನೋಡಿದೆ. ದೊಡ್ಡದಾದುದರಿಂದ ಅಂಚಿನ ಸೋರಿಕೆಯೂ ಹೆಚ್ಚು; ಗಾಳಿ ಕಣ್ಣಿಗೆ ಬಡಿದು ಬೆಳಗ್ಗೆ ಕಣ್ಣು ಕೆಂಪಾಗುತ್ತಿತ್ತು. ಬಿಗಿದರೆ ದವಡೆ ಹಿಂದಕ್ಕೆ ಒತ್ತಲ್ಪಟ್ಟು ಹೆಚ್ಚಿನ ಒತ್ತಡ ಬೇಕಾಗುತ್ತಿತ್ತು. ನನಗೆ ಒಗ್ಗದ್ದು ಇನ್ನೊಬ್ಬರಿಗೆ ಒಗ್ಗಬಹುದು. ಈಚೆಗೆ ಬಾಯಿಗೆ ಟೇಪು ಅಂಟಿಸಿಕೊಂಡು ಮಲಗುವ ವಾಡಿಕೆ ಹಬ್ಬಿದೆ. ನಾನು ಕೇಳಿದಾಗ ನನ್ನ ಶಿಷ್ಯೋತ್ತಮರು ಖಂಡಿತವಾಗಿ ಬೇಡವೆಂದರು: “ಮೂಗು ಕಟ್ಟಿದರೆ, ಕರೆಂಟು ಹೋದರೆ, ವಾಂತಿಯಾದರೆ ಏನು ಗತಿ ಮೇಷ್ಟ್ರೆ?” ಮುಚ್ಚಬೇಕಾದ ಬಾಗಿಲಿಗೂ ಒಳಗಿನಿಂದ ತೆರೆಯಬಲ್ಲ ಅಗುಳಿಯಿರಬೇಕು.

ಇನ್ನುಳಿದದ್ದು ನಾಲಿಗೆ. ಇದರಲ್ಲಿ ನನಗೆ ನೆರವಾದವನು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ. ಶಬ್ದಮಣಿದರ್ಪಣದಲ್ಲಿ ಅವನು ಅನುಕೂಲವಾದ ವಾಯು ನಾಭಿಮೂಲದಿಂದ ಹೊರಟು ಕಹಳೆಯ ರೀತಿಯಲ್ಲಿ ಶಬ್ದವಾಗುವುದನ್ನು ಹೇಳುತ್ತಾನೆ. ಆ ಕಹಳೆಗೆ ಎರಡು ಬಾಯಿಗಳಿವೆ. ಒಂದು ಬಾಯಿ, ಇನ್ನೊಂದು ಮೂಗು. ‘ಬ’ ಎನ್ನುವಾಗಲೂ ‘ಮ’ ಎನ್ನುವಾಗಲೂ ತುಟಿಗಳು ಮುಚ್ಚಿಯೇ ಇರುತ್ತವೆ. ಮೆದು ಅಂಗುಳ ಕೆಳಗಿಳಿದು ಮೂಗಿನ ದಾರಿ ತೆರೆದರೆ ‘ಮ’. ಇದನ್ನು ಮೂವತ್ತನಾಲ್ಕು ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೇನೆ. ಈಗ ‘ನ್’ ಎಂದು ಎಳೆದು ಹೇಳಿ ನೋಡಿ. ತುಟಿಗಳು ತೆರೆದಿವೆ, ಆದರೂ ಬಾಯಿಯಿಂದ ಒಂದಿಷ್ಟೂ ಗಾಳಿ ಹೊರಡುವುದಿಲ್ಲ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ನಿಂತು, ಅದರ ಅಂಚುಗಳು ಸುತ್ತಲೂ ಒತ್ತಿಕೊಂಡು ಬಾಯಿಯನ್ನು ಒಳಗಿನಿಂದಲೇ ಮುಚ್ಚಿಬಿಟ್ಟಿವೆ. ಉಸಿರೆಲ್ಲ ಮೂಗಿನಲ್ಲಿ. ಮಾಸ್ಕು ಹಾಕಿಕೊಂಡವನಿಗೆ ಬೇಕಾದದ್ದು ಇದೇ ಅಲ್ಲವೆ?

ಮಾಸ್ಕು ಧರಿಸಿ, ದೀಪವಾರಿಸಿ, ನಾಲಿಗೆಯನ್ನು ‘ನ’ಕಾರದ ಸ್ಥಾನದಲ್ಲಿಟ್ಟು, ತುಟಿಗಳನ್ನು ಬೇಕೆಂದೇ ಸ್ವಲ್ಪ ತೆರೆದು ನೋಡಿದೆ. ಗಾಳಿ ಸೋರಲಿಲ್ಲ. ನಿದ್ದೆಯಲ್ಲಿ ನಾಲಿಗೆಗೆ ಆಜ್ಞೆ ಮಾಡುವವರು ಯಾರೂ ಇಲ್ಲ, ನಿಜ. ಆದರೆ ಹಗಲಿನಲ್ಲಿ ಓದುವಾಗ, ನಡೆಯುವಾಗ ನಾಲಿಗೆಯನ್ನು ಅಲ್ಲಿಯೇ ಇರಿಸುವ ಅಭ್ಯಾಸ ಮಾಡಿದರೆ ರಾತ್ರಿಗೂ ಅದರ ನೆರಳು ಚಾಚಬಹುದೆಂದು ವೈದ್ಯರು ಒಪ್ಪಿದರು. ನಾಲಿಗೆ, ಗಂಟಲುಗಳ ವ್ಯಾಯಾಮವನ್ನು ಚಿಕಿತ್ಸೆಗೆ ಪೂರಕವಾಗಿ ಹೇಳುವುದು ಈಗ ಉಂಟಂತೆ. ಮೂರು ತಿಂಗಳು ಸಾಧನೆ ಮಾಡಿದೆ. ಅಂಗಾತ ಮಲಗುವುದನ್ನು ಬಿಟ್ಟು ಮಗ್ಗುಲಾಗಿ ಮಲಗುವುದನ್ನೂ ಕಲಿತೆ.

ಈ ಉಪಾಯಗಳನ್ನೆಲ್ಲ ಒಮ್ಮೆಗೇ ಮಾಡದೆ, ಒಂದೊಂದಕ್ಕೂ ಹತ್ತು ದಿನ ಕೊಟ್ಟು, ನೋಟುಪುಸ್ತಕದಲ್ಲಿ ಅಂಕಿಗಳನ್ನು ಬರೆದಿಡುತ್ತ ಬಂದೆ. ಮೊದಲು ನಿಮಿಷಕ್ಕೆ 46 ಲೀಟರಿನವರೆಗೆ ಏರುತ್ತಿದ್ದ ಸೋರಿಕೆ 11ಕ್ಕೆ ಇಳಿಯಿತು. ನನ್ನ ಯಂತ್ರದ ಮಟ್ಟಿಗೆ 24ರೊಳಗಿದ್ದರೆ ಚಿಂತೆಯಿಲ್ಲವೆಂದು ಹೇಳಿದ್ದರು. ಯಂತ್ರ ಹಾಕಿಕೊಂಡೂ ಗಂಟೆಗೆ 17 ಸಲ ನಿಲ್ಲುತ್ತಿದ್ದ ಉಸಿರು ಈಗ ಮೂರು ಸಲ. ಕರೆಂಟು ಹೋದರೆಂದು ಇನ್‌ವರ್ಟರನ್ನು ಜೋಡಿಸಿಕೊಂಡಿದ್ದೇವೆ. ಮಲೆನಾಡಿನ ಮಳೆಗಾಲದಲ್ಲಿ ಅದಿಲ್ಲದೆ ನಡೆಯದು. ದಿನವೂ ಬೆಳಗ್ಗೆ ಮಾಸ್ಕನ್ನು ಒರೆಸಿ, ವಾರಕ್ಕೊಮ್ಮೆ ಕೊಳವೆಯನ್ನು ಸೌಮ್ಯವಾದ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಸಂಧ್ಯಾವಂದನೆಯಲ್ಲಿ ಇಲ್ಲದ ನಿಷ್ಠೆ ಇದರಲ್ಲಿ ಬಂದಿದೆಯೆಂದು ಮನೆಯಲ್ಲಿ ಮಾತು.

ಕಳೆದ ವರ್ಷ ಅದೇ ದೇವಸ್ಥಾನದಲ್ಲಿ ಅದೇ ವಾಚಕರೊಡನೆ ಎರಡು ಗಂಟೆ ವ್ಯಾಖ್ಯಾನ ಮಾಡಿದೆ. ನೀರು ಕೇಳಲಿಲ್ಲ. ಹೆಂಡತಿ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು, ತೂಕಡಿಸದೆ ಕೇಳಿದಳು. ಅವಳನ್ನು ನೋಡಿ ನನ್ನ ವಿದ್ಯಾರ್ಥಿಗಳ ನೆನಪಾಯಿತು. ಬಾಯಿ ತೆರೆದು ತಡವರಿಸಿದ ಆ ಹುಡುಗರಲ್ಲಿ ಯಾರಿಗಾದರೂ ನಾನು ಗದ್ದಕ್ಕೆ ಕೈಯಾನಿಸಿ ಹಿಡಿದಿದ್ದೆನೆ? ಗಾದೆಯನ್ನಷ್ಟೆ ಎಸೆದಿದ್ದೆ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಈಚೆಗೆ ನನ್ನ ಮಾಸ್ಕಿನ ಸದ್ದು ಅಡಗಿದ ಮೇಲೆ ಕೋಣೆ ನಿಶ್ಶಬ್ದವಾಗಿರಬೇಕಷ್ಟೆ. ಮೊನ್ನೆ ನಡುರಾತ್ರಿ ಎಚ್ಚರವಾದಾಗ ಮಗ್ಗುಲಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ಇಷ್ಟು ವರ್ಷ ಅವಳು ಗೊರೆಯುವಷ್ಟು ಹೊತ್ತು ಮಲಗಿದ್ದೇ ಇಲ್ಲವಾದುದರಿಂದ ಅದನ್ನು ಕೇಳುವ ಭಾಗ್ಯ ನನಗೆ ಬಂದಿರಲಿಲ್ಲ. ಸಂತೋಷದಿಂದ ಕೇಳುತ್ತಿದ್ದೆ. ಇದ್ದಕ್ಕಿದ್ದಂತೆ ಅದು ನಿಂತಿತು. ಹೆಂಗಸರಿಗೂ, ಅದರಲ್ಲಿಯೂ ಮುಟ್ಟು ನಿಂತ ವಯಸ್ಸಿನ ಮೇಲೆ, ಈ ರೋಗ ಬರುವುದು ಹೆಚ್ಚೆಂದು ವೈದ್ಯರು ಹೇಳಿದ್ದು ನೆನಪಾಯಿತು. ನಾನು ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಎಣಿಸತೊಡಗಿದೆ. ಒಂದು, ಎರಡು, ಮೂರು... ಹನ್ನೊಂದಕ್ಕೆ ಉಸಿರು ಬಂದಿತು.

ಬರುವ ಸೋಮವಾರ ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ. “ನನಗೇನೂ ಆಗಿಲ್ಲ, ಸುಮ್ಮನಿರಿ,” ಎನ್ನುತ್ತಿದ್ದಾಳೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಶ್ರೋತೃಗಳಲ್ಲಿ ಯಾರ ಮಗ್ಗುಲಲ್ಲಾದರೂ ಹೀಗೆ ನಿಂತು ನಿಂತು ಹೊರಡುವ ಗೊರಕೆಯಿದ್ದರೆ, ದಯವಿಟ್ಟು ಅದನ್ನು ತೃಪ್ತಿಯ ಲಕ್ಷಣವೆಂದು ಬಗೆಯದಿರಿ.